ಬಾರಕೂರಿನ ಹತ್ತು ಕೇರಿಗಳು

ಅಳಿದುಹೋದ ರಾಜಧಾನಿಗಳನ್ನು ನೋಡಿಬರುವುದು ಮನುಷ್ಯನಿಗೆ ಬಹುಕಾಲದಿಂದ ಪ್ರಿಯವಾದ ಯಾತ್ರೆ. ತೀರ್ಥಕ್ಷೇತ್ರಕ್ಕೆ ಹೋಗುವವನಿಗೆ ಪುಣ್ಯದ ಆಸೆ ಇರುವುದುಂಟು; ಸಂತೆಗೆ ಹೋಗುವವನಿಗೆ ಲಾಭದ ಆಸೆ ಇರುವುದುಂಟು. ಹಾಳೂರನ್ನು ನೋಡಹೋಗುವವನಿಗೆ ಇವೆರಡೂ ಇಲ್ಲ. ಆದರೂ ಅವನು ಹೋಗುತ್ತಾನೆ. ಮುರಿದ ಗೋಡೆಯ ನೆರಳಿನಲ್ಲಿ ಒಂದು ಗಳಿಗೆ ಕುಳಿತು, ಮನಸ್ಸು ಹಗುರವಾಯಿತೆಂದು ಹೇಳುತ್ತ ಮನೆಗೆ ಮರಳುತ್ತಾನೆ.

ಸಯಾಂ ಎಂದು ಹಿಂದೆ ಹೆಸರಾಗಿದ್ದ ಥಾಯ್ಲೆಂಡಿನಲ್ಲಿ ಅಂತಹದೊಂದು ನಗರವಿದೆ. ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತ ಅಯುತ್ಥಯಾ ಅದು. 1351ರಲ್ಲಿ ಸ್ಥಾಪಿತವಾಗಿ, ನಾನೂರು ವರ್ಷಗಳಿಗೂ ಮಿಕ್ಕಿ ರಾಜಧಾನಿಯಾಗಿ ಬಾಳಿ, 1767ರಲ್ಲಿ ಬರ್ಮಾದ ಸೈನ್ಯದ ಕೈಗೆ ಸಿಕ್ಕಿ ಅದು ಬೆಂದುಹೋಯಿತು. ಅಳಿದುಳಿದ ಇಟ್ಟಿಗೆಗಳನ್ನೂ ದೋಣಿಗಳಲ್ಲಿ ತುಂಬಿ, ಹೊಸ ರಾಜಧಾನಿಯಾದ ಬ್ಯಾಂಕಾಕಿನ ಗೋಡೆಗಳಿಗೆ ಸಾಗಿಸಿದರು. ಈಗ ಅಲ್ಲಿ ಸ್ತೂಪಗಳ ನಡುವೆ ಹುಲ್ಲು ಬೆಳೆದಿದೆ. ಪ್ರವಾಸಿಗರು ಮೆಲ್ಲನೆ ನಡೆದಾಡುತ್ತಾರೆ. ನಮ್ಮ ನಾಡಿನಲ್ಲಿಯೇ ಹಂಪೆಯಿದೆ. 1565ರ ಯುದ್ಧವಾದ ಮೇಲೆ ಅದು ಹಾಳಾದ ಕತೆಯನ್ನು ಶಾಲೆಯ ಮಕ್ಕಳೂ ಬಲ್ಲರು.

ಇವು ಅಳಿದ ಬಗೆ ಎಲ್ಲರಿಗೂ ತಿಳಿದ ರಾಜಧಾನಿಗಳು. ಅಳಿದ ದಿನವನ್ನು ಯಾರೂ ಬೆರಳಿಟ್ಟು ತೋರಿಸಲಾರದ, ಆದರೆ ಮನುಷ್ಯರು ಬಿಟ್ಟುಹೋಗದೆ ಇಂದಿಗೂ ಒಕ್ಕಲಿರುವ ರಾಜಧಾನಿಯೊಂದು ನಮ್ಮ ಕರಾವಳಿಯಲ್ಲಿದೆ. ಉಡುಪಿಯ ಉತ್ತರಕ್ಕೆ, ಬ್ರಹ್ಮಾವರದ ಬಳಿ, ಸೀತಾನದಿಯ ತೀರದಲ್ಲಿರುವ ಬಾರಕೂರು ಅದು. ಅಲ್ಲಿಗೆ ಹೋಗಿಬಂದ ಒಂದು ದಿನದ ಅನುಭವವನ್ನೂ, ಆ ಊರು ನಮ್ಮಲ್ಲಿ ಎಬ್ಬಿಸಿದ ಯೋಚನೆಗಳನ್ನೂ ಕೇಳುಗರ ಮುಂದೆ ಇಡುತ್ತೇವೆ.

ನಾವು ಹೊರಟದ್ದು ಕಾರ್ಕಳದ ಬಳಿಯ ನಿಟ್ಟೆಯಿಂದ. ಬಾರಕೂರಿನ ಅರಸರ ಗುರುತು ನಿಟ್ಟೆಯ ನೆರೆಯಲ್ಲಿಯೇ ದೊರೆತಿದೆ ಎಂಬುದು ಇಲ್ಲಿ ಹೇಳಬೇಕಾದ ಮಾತು. ನಿಟ್ಟೆಯಿಂದ ಪಡುಬಿದ್ರೆಯ ಕಡೆಗೆ ಹೋಗುವ ದಾರಿಯಲ್ಲಿ ಬೆಳ್ಮಣ್ಣು ಎಂಬ ಊರುಂಟು. ಆಳುಪ ವಂಶದ ಇಮ್ಮಡಿ ಆಳುವರಸನ ತಾಮ್ರಶಾಸನ ಅಲ್ಲಿಯದು. 8ನೆಯ ಶತಮಾನದ ಆದಿಭಾಗಕ್ಕೆ ಸೇರಿದ್ದು. ಪೂರ್ತಿಯಾಗಿ ಕನ್ನಡದಲ್ಲಿಯೇ ಬರೆದ ತಾಮ್ರಪಟಗಳಲ್ಲಿ ನಮಗೆ ದೊರೆತವುಗಳ ಪೈಕಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರ ಮತ. ಅದರ ಮುದ್ರೆಯಲ್ಲಿ ಜೋಡಿ ಮೀನುಗಳಿವೆ. ಅವೇ ಮೀನುಗಳು ಮುಂದೆ ಆಳುಪರ ಚಿನ್ನದ ನಾಣ್ಯಗಳ ಮೇಲೆಯೂ ಬಂದು ಕುಳಿತುವು. ಕಡಲನ್ನು ನಂಬಿ ಬಾಳಿದ ನಾಡಿಗೆ ಅದು ತಕ್ಕ ಲಾಂಛನವೇ ಸರಿ.

ಕಾರ್ಕಳವನ್ನು ಹಾದುಹೋಗುವಾಗ ಬಂಡೆಯ ಮೇಲೆ ನಿಂತ ಗೊಮ್ಮಟನು ದೂರದಿಂದಲೇ ಕಾಣುತ್ತಾನೆ. ಇದೂ ಒಂದು ರಾಜಧಾನಿ, ಭೈರರಸರದು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಮೂರ್ತಿ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿ, ಎರಡೂ ಗಟ್ಟಿ ಕರಿಗಲ್ಲಿನವು; ಎತ್ತರದಲ್ಲಿ ನಿಂತಂಥವು. ಇಲ್ಲಿ ಅರಸರು ತಮ್ಮ ನೆನಪನ್ನು ಯಾರಿಗೂ ತಪ್ಪದಂತೆ ಕಣ್ಣ ಮುಂದೆ ನಿಲ್ಲಿಸಿ ಹೋಗಿದ್ದಾರೆ. ಬಾರಕೂರಿನ ಅರಸರು ಹಾಗೆ ಮಾಡಲಿಲ್ಲ. ಅಥವಾ ಮಾಡಿದ್ದು ಉಳಿಯಲಿಲ್ಲ.

ಬೈಲೂರು, ಹಿರಿಯಡ್ಕ, ಮಣಿಪಾಲಗಳನ್ನು ದಾಟಿ ಉಡುಪಿಗೆ ಇಳಿದು, ಅಲ್ಲಿಂದ ಹೆದ್ದಾರಿಯಲ್ಲಿ ಬ್ರಹ್ಮಾವರವನ್ನು ಸೇರಿ, ಒಳದಾರಿ ಹಿಡಿದರೆ ಬಾರಕೂರು. ಕೊಂಕಣ ರೈಲ್ವೆಯ ನಿಲ್ದಾಣವೊಂದಕ್ಕೂ ಈ ಊರಿನ ಹೆಸರೇ ಇದೆ. ಆದರೆ ಗಾಡಿಯಿಂದ ಇಳಿದವನಿಗೆ ರಾಜಧಾನಿ ಎಂಬುದು ಥಟ್ಟನೆ ಕಾಣಿಸದು. ಕಾಣುವುದು ತೆಂಗಿನ ತೋಟ, ಬತ್ತದ ಗದ್ದೆ, ಮುರಕಲ್ಲಿನ ಕಾಂಪೌಂಡಿನ ಹಿಂದೆ ಹೆಂಚಿನ ಮನೆ, ಒಂದು ಕೆರೆ, ಒಂದು ದೇವಸ್ಥಾನ. ಇನ್ನಷ್ಟು ನಡೆದರೆ ಇನ್ನೊಂದು ದೇವಸ್ಥಾನ. ಹಿಂದೆ ಇಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದರಂತೆ 365 ದೇವಸ್ಥಾನಗಳಿದ್ದುವೆಂದು ಊರವರು ಹೇಳುತ್ತಾರೆ. ಲೆಕ್ಕ ಕತೆಯದಿರಬಹುದು, ಆದರೆ ಹೆಜ್ಜೆಹೆಜ್ಜೆಗೂ ಗುಡಿ ಎದುರಾಗುವುದನ್ನು ನೋಡಿದವರು ಆ ಕತೆ ಹುಟ್ಟಿದ್ದಕ್ಕೆ ಆಶ್ಚರ್ಯಪಡಲಾರರು.

ಕೋಟೆಯಿದ್ದ ಕಡೆಯಲ್ಲಿ ಗದ್ದೆಯ ಬದುವಿನ ಮೇಲೆ ಬರುತ್ತಿದ್ದ ಹಿರಿಯರೊಬ್ಬರನ್ನು ನಾವು ಅರಮನೆ ಎಲ್ಲಿ ಎಂದು ಕೇಳಿದೆವು. ಅವರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅರಮನೆಯಾ? ನೀವು ನಿಂತದ್ದೇ ಅಲ್ಲಿ ಮಾರಾಯ್ರೆ!” ಎಂದು ನಕ್ಕು ಮುಂದೆ ಹೋದರು. ನಾವು ಕಾಲ ಕೆಳಗೆ ನೋಡಿದೆವು. ಹುಲ್ಲು, ಮಣ್ಣು, ಅದರ ನಡುವೆ ಸಾಲಾಗಿ ತಲೆ ಎತ್ತಿದ ಕೆಲವು ಕೆಂಪು ಕಲ್ಲುಗಳು.

ಆ ಕಲ್ಲುಗಳ ಮೇಲೆ ನಡೆದಾಡಿದವರು ಯಾರು? ಆಳುಪರು ತುಳುನಾಡನ್ನು ಆಳಿದ ಕಾಲ ಬಹು ದೀರ್ಘವಾದದ್ದು. ಕನ್ನಡದ ಬಹು ಹಳೆಯ ಶಾಸನವೆನಿಸಿದ ಹಲ್ಮಿಡಿಯ ಕಲ್ಲಿನಲ್ಲಿಯೇ, ಅಂದರೆ ಸುಮಾರು ಕ್ರಿ. ಶ. 450ರಲ್ಲಿಯೇ, ಆಳುಪರ ಹೆಸರು ಬಂದಿದೆ. 14ನೆಯ ಶತಮಾನದ ಕೊನೆಯವರೆಗೂ ಅವರ ಶಾಸನಗಳು ಸಿಕ್ಕುತ್ತವೆ. ಹೆಚ್ಚು ಕಡಮೆ ಒಂದು ಸಾವಿರ ವರ್ಷ! ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ಇವರೆಲ್ಲ ಬಂದರು, ಹೋದರು. ಘಟ್ಟದ ಕೆಳಗೆ ಆಳುಪರು ಮಾತ್ರ ಒಮ್ಮೆ ತಲೆಬಾಗುತ್ತ ಒಮ್ಮೆ ತಲೆ ಎತ್ತುತ್ತ ಉಳಿದುಕೊಂಡರು. ಮೊದಲು ಮಂಗಳೂರು, ಬಳಿಕ ಉದ್ಯಾವರ, ಕಡೆಗೆ ಬಾರಕೂರು. ಹೀಗೆ ಅವರ ರಾಜಧಾನಿ ಕಡಲ ಕರೆಯಲ್ಲಿಯೇ ಸ್ಥಳ ಬದಲಿಸಿತು. ಶಾಸನಗಳು ಬಾರಕೂರನ್ನು ಬಾರಕನ್ಯಾಪುರವೆಂದೂ ಕರೆಯುತ್ತವೆ. ಹನ್ನೆರಡು ಕನ್ಯೆಯರನ್ನು ವರಿಸಿದ ಅರಸನ ಕತೆಯನ್ನು ಜನ ಆ ಹೆಸರಿಗೆ ಕಟ್ಟಿದ್ದಾರೆ.

ಈ ಪಟ್ಟಣದ ಇತಿಹಾಸದಲ್ಲಿ ಇಬ್ಬರು ಹೆಂಗಸರ ಆಳಿಕೆ ವಿಶೇಷವಾಗಿ ಗಮನಿಸತಕ್ಕದ್ದು. ವೀರಪಾಂಡ್ಯ ಆಳುಪೇಂದ್ರನು ತೀರಿಕೊಂಡ ಮೇಲೆ, ಸುಮಾರು 1275ರಿಂದ 1292ರ ವರೆಗೆ, ಅವನ ರಾಣಿ ಬಲ್ಲಮಹಾದೇವಿಯು ರಾಜ್ಯವನ್ನು ಆಳಿದಳು. ಆಕೆ ಯಾರದೋ ಮರೆಯಲ್ಲಿ ನಿಂತು ಆಳಿದವಳಲ್ಲ; ತನ್ನ ಹೆಸರಿನಲ್ಲಿಯೇ, ಚಕ್ರವರ್ತಿಗಳಿಗೆ ಸಲ್ಲುವ ಬಿರುದುಗಳನ್ನು ಧರಿಸಿ ಶಾಸನಗಳನ್ನು ಬರೆಯಿಸಿದಳು. ಇನ್ನೊಬ್ಬಳು ಚಿಕ್ಕಾಯಿ ತಾಯಿ. ಆಳುಪರ ಮನೆಯ ಮಗಳು, ಹೊಯ್ಸಳ ಮುಮ್ಮಡಿ ಬಲ್ಲಾಳನ ರಾಣಿ. ಸುಮಾರು 1333ರಿಂದ 1348ರ ವರೆಗೆ ಬಾರಕೂರಿನಿಂದ ಆಳಿದಳು. ಆ ಹದಿನೈದು ವರ್ಷಗಳಲ್ಲಿ ದಕ್ಷಿಣ ದೇಶದಲ್ಲಿ ಏನೇನಾಯಿತೆಂಬುದನ್ನು ನೆನೆಯಬೇಕು. ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಬಲ್ಲಾಳನು ಮಡಿದನು; ದೋರಸಮುದ್ರದ ದೀಪವಾರಿತು; ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆ ಎತ್ತಿತು. ಗಂಡನ ವಂಶ ಕಣ್ಣೆದುರಿಗೆ ಅಳಿಯುತ್ತಿರುವಾಗ, ತವರಿನ ರಾಜಧಾನಿಯಲ್ಲಿ ಕುಳಿತು ಆಕೆ ರಾಜ್ಯವನ್ನು ನಡೆಯಿಸಿದಳು.

ವಿಜಯನಗರದ ಅರಸರು ಬಾರಕೂರನ್ನು ಕಿತ್ತುಹಾಕಲಿಲ್ಲ. ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಭಾಗ ಮಾಡಿ, ಒಂದೊಂದಕ್ಕೂ ಅಧಿಕಾರಿಗಳನ್ನು ನೇಮಿಸಿದರು. ಕೋಟೆಯನ್ನು ಬಲಪಡಿಸಿದ್ದು ಈ ಕಾಲದಲ್ಲಿಯೇ ಎಂದು ಊರಿನ ನೆನಪು. ಇಲ್ಲಿಯ ಚಿನ್ನದ ನಾಣ್ಯಕ್ಕೆ ‘ಬಾರಕೂರ ಗದ್ಯಾಣ’ವೆಂಬ ಹೆಸರು ನಿಂತಿತು. ಶಾಸನಗಳು ದತ್ತಿಯ ಮೊತ್ತವನ್ನು ಬರೆಯುವಾಗ ಬರಿಯ ಗದ್ಯಾಣವೆನ್ನದೆ ಬಾರಕೂರ ಗದ್ಯಾಣವೆಂದು ಬಿಡಿಸಿ ಹೇಳುತ್ತವೆ. ಒಂದು ಊರಿನ ಹೆಸರನ್ನು ಹೇಳಿದರೆ ಚಿನ್ನದ ತೂಕ ನಂಬಿಕೆಗೆ ಬರುತ್ತಿತ್ತೆಂದರೆ, ಆ ಊರಿನ ಮಾತಿಗೆ ಎಷ್ಟು ಬೆಲೆಯಿದ್ದಿರಬೇಕು!

ಇನ್ನು ಕೇರಿಗಳ ವಿಷಯ. ಬಾರಕೂರಿನ ಇತಿಹಾಸದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಸ್ವಾರಸ್ಯವೆನಿಸಿದ್ದು ಇದೇ. ಪಟ್ಟಣವು ಹತ್ತು ಕೇರಿಗಳಾಗಿ ಹಂಚಿಕೊಂಡಿತ್ತು. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಭಂಡಾರಕೇರಿ, ಹೊಸಕೇರಿ ಮೊದಲಾದ ಹೆಸರುಗಳನ್ನು ಇಂದಿಗೂ ಜನ ಬಳಸುತ್ತಾರೆ. ಭಂಡಾರಕೇರಿಯ ಹೆಸರಿನ ಮಾಧ್ವ ಮಠವೊಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಇವು ಬರಿಯ ಬೀದಿಗಳಲ್ಲ. ವಿಜಯನಗರದ ಕಾಲದ ಶಾಸನಗಳನ್ನು ನೋಡಿದರೆ ಕೇರಿಗೆ ‘ಹಲರು’ ಎಂಬ ಸಭೆ ಇದ್ದುದು ತಿಳಿಯುತ್ತದೆ. ಹಲರೆಂದರೆ ಹಲವರು, ಊರಿನ ಮುಖ್ಯಸ್ಥರ ಕೂಟ. ದೇವಸ್ಥಾನಕ್ಕೆ ಯಾರಾದರೂ ಭೂಮಿಯನ್ನೋ ಹೊನ್ನನ್ನೋ ಬಿಟ್ಟರೆ, ಅದು ತಪ್ಪದೆ ನಡೆಯುವಂತೆ ನೋಡಿಕೊಳ್ಳುವ ಹೊಣೆ ಇವರದು. ವರ್ತಕರ ಕೂಟಗಳು ಬೇರೆ ಇದ್ದುವು. ಹೊರನಾಡಿನಿಂದ ಬಂದ ವ್ಯಾಪಾರಿಗಳ ಕೂಟಕ್ಕೆ ಕರಾವಳಿಯ ಶಾಸನಗಳು ‘ಹಂಜಮಾನ’ವೆನ್ನುತ್ತವೆ, ಪಾರಸಿಯ ‘ಅಂಜುಮನ್’ ಎಂಬ ಶಬ್ದ ಕನ್ನಡದ ನಾಲಗೆಯಲ್ಲಿ ಹೀಗೆ ಹೊರಳಿದೆ. ಅರಸು ಬದಲಾದರೂ, ಅಧಿಕಾರಿ ಬದಲಾದರೂ, ಕೇರಿಯ ಹಲರು ಇದ್ದರು. ರಾಜಧಾನಿಯೆಂದರೆ ಅರಮನೆಯಷ್ಟೇ ಎಂದು ನಾವು ತಿಳಿದುಕೊಳ್ಳುತ್ತೇವೆ. ಬಾರಕೂರಿನಲ್ಲಿ ಅರಮನೆ ಮಣ್ಣಾಗಿ, ಕೇರಿ ಉಳಿದಿದೆ.

ಪಟ್ಟಣದ ಸಂಪತ್ತಿಗೆ ನದಿಯೇ ಕಾರಣ. ಸೀತಾನದಿಯು ಬಾರಕೂರನ್ನು ಬಳಸಿ ಹಂಗಾರಕಟ್ಟೆಯತ್ತ ಸಾಗಿ, ಕೋಡಿ ಬೆಂಗ್ರೆಯ ಬಳಿ ಸ್ವರ್ಣಾನದಿಯೊಡನೆ ಕಡಲನ್ನು ಸೇರುತ್ತದೆ. ಕಡಲಿನಿಂದ ತುಸು ಒಳಗೆ, ಅಳಿವೆಯ ಆಸರೆಯಲ್ಲಿ, ಬಿರುಗಾಳಿಗೂ ಕಳ್ಳರಿಗೂ ಸುಲಭವಾಗಿ ಸಿಕ್ಕದ ಜಾಗ. 1342ರ ಸುಮಾರಿಗೆ ಈ ಕರಾವಳಿಯನ್ನು ಹಾದುಹೋದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ‘ಫಾಕನೂರು’ ಎಂಬ ದೊಡ್ಡ ಪಟ್ಟಣವನ್ನು ವರ್ಣಿಸಿದ್ದಾನೆ. ಅದು ಬಾರಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯ ಕಬ್ಬಿಗೆ ಸಮನಾದ ಕಬ್ಬು ಆ ಸೀಮೆಯಲ್ಲಿಯೇ ಇಲ್ಲವೆಂದು ಅವನು ಹೊಗಳುತ್ತಾನೆ. ದೊರೆಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದುವು. ಅವುಗಳ ನಾಯಕ ಲೂಲಾ ಎಂಬ ಮುಸಲ್ಮಾನ. ಹಾದುಹೋಗುವ ಹಡಗು ಬಂದರಿನಲ್ಲಿ ನಿಂತು ಕಾಣಿಕೆ ಸಲ್ಲಿಸಬೇಕು. ಸಲ್ಲಿಸದೆ ಹೋದರೆ ಬೆನ್ನಟ್ಟಿ ಹಿಡಿದು ಇಮ್ಮಡಿಯಾಗಿ ವಸೂಲು ಮಾಡುವರು. ದೊರೆಯ ಹೆಸರನ್ನು ಅವನು ಬಾಸದೇವ ಎಂಬಂತೆ ಬರೆದಿದ್ದಾನೆ. ಅದೇ ಕಾಲದ ಶಾಸನಗಳಲ್ಲಿ ಆಳುತ್ತಿದ್ದವರ ಹೆಸರುಗಳೇ ಬೇರೆ. ಬಂದರಿನಲ್ಲಿ ಇಳಿದ ಪ್ರವಾಸಿಗೆ ಬಂದರಿನ ಅಧಿಕಾರಿಯೇ ದೊರೆಯಾಗಿ ಕಂಡಿರಬಹುದು. ಪ್ರವಾಸಿಯ ಮಾತನ್ನೂ ಕಲ್ಲಿನ ಮಾತನ್ನೂ ಎದುರುಬದುರಾಗಿ ಇಟ್ಟು ನೋಡಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮಧ್ಯಾಹ್ನದ ಹೊತ್ತಿಗೆ ನಾವು ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯಕ್ಕೆ ಬಂದೆವು. ಊರಿನ ಬಹು ಹಳೆಯ ಗುಡಿಗಳಲ್ಲಿ ಇದೊಂದು. ಗರ್ಭಗೃಹದ ಹಿಂಬದಿ ಆನೆಯ ಬೆನ್ನಿನಂತೆ ದುಂಡಗೆ ಬಾಗಿದೆ. ಗಜಪೃಷ್ಠವೆಂಬ ಈ ರೀತಿ ಬ್ರಹ್ಮಾವರ, ಕೋಟೇಶ್ವರಗಳಲ್ಲಿಯೂ ಉಂಟು. ಘಟ್ಟದ ಮೇಲಿನ ಹೊಯ್ಸಳ ಗುಡಿಯನ್ನು ನೋಡಿದ ಕಣ್ಣಿಗೆ ಇಲ್ಲಿ ಶಿಲ್ಪದ ಸಡಗರ ಕಾಣದು. ಇಲ್ಲಿಯ ಶಿಲ್ಪಿ ಮೊದಲು ಯೋಚಿಸಿದ್ದು ಮಳೆಯನ್ನು. ಇಳಿಜಾರಾದ ಮಾಡು, ತಗ್ಗಾದ ಸೂರು, ನೀರು ನಿಲ್ಲದ ಅಂಗಳ. ಅಲ್ಲಿಂದ ಕತ್ತಲೆ ಬಸದಿಗೆ ಹೋದೆವು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ಚಪ್ಪಡಿಗಳನ್ನೇ ಹೆಂಚಿನಂತೆ ಓರೆಯಾಗಿ ಹೊದಿಸಿದ್ದಾರೆ. ಪೂಜೆಯಿಲ್ಲ, ಗಂಟೆಯಿಲ್ಲ. ಒಳಗೆ ಕಾಲಿಟ್ಟರೆ ಹೆಸರಿಗೆ ತಕ್ಕ ಕತ್ತಲೆ. ಹೊರಗೆ ಬಂದರೆ ಹುಲ್ಲಿನ ಮೇಲೆ ಬಿಸಿಲು, ದೂರದಲ್ಲಿ ಯಾರೋ ತೆಂಗಿನಕಾಯಿ ಸುಲಿಯುವ ಸದ್ದು. ನಾವು ಜಗಲಿಯ ಮೇಲೆ ಬಹಳ ಹೊತ್ತು ಮಾತಿಲ್ಲದೆ ಕುಳಿತೆವು. ಹಾಳೂರಿನ ಶಾಂತಿಯೆಂದು ಜನ ಹೇಳುವುದು ಇದನ್ನೇ ಇರಬೇಕು.

ಆದರೆ ಆ ಶಾಂತಿಯನ್ನು ಶೂನ್ಯವೆಂದು ತಿಳಿಯಬಾರದು. ಈ ಊರಿನ ಹೆಸರು ತೀರ ಈಚಿನವರೆಗೂ ತುಳುನಾಡಿನ ಮನೆಮನೆಯ ಆಸ್ತಿಯನ್ನು ಹಂಚುತ್ತಿತ್ತು. ಭೂತಾಳಪಾಂಡ್ಯನ ಕತೆಯನ್ನು ಕೇಳಿದವರು ಬಹುಮಂದಿ ಇರಬಹುದು. ದೇವಪಾಂಡ್ಯನ ಹಡಗು ನೀರಿಗಿಳಿಯದಂತೆ ಕುಂಡೋದರನೆಂಬ ಭೂತ ತಡೆದು ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಲ್ಲದೆ ಹೋದಳು. ತಂಗಿ ಸತ್ಯವತಿ ಮಗನನ್ನು ಕೊಡಲು ಒಪ್ಪಿದಳು. ಮೆಚ್ಚಿದ ಭೂತ ಅವನನ್ನು ಬಲಿಗೊಳ್ಳದೆ ಉಳಿಸಿತು. ಆ ಅಳಿಯನೇ ಭೂತಾಳಪಾಂಡ್ಯನಾಗಿ ಬಾರಕೂರನ್ನು ಆಳಿ, ಆಸ್ತಿ ಮಗನಿಗಲ್ಲ, ಸೋದರಿಯ ಮಕ್ಕಳಿಗೆ ಸಲ್ಲತಕ್ಕದ್ದೆಂದು ಕಟ್ಟು ಮಾಡಿದನೆಂಬುದು ಐತಿಹ್ಯ. ಕಾಲ ಕ್ರಿ. ಶ. 77 ಎಂದು ಹೇಳುತ್ತಾರೆ.

ಐತಿಹಾಸಿಕವಾಗಿ ಇದನ್ನು ಒಪ್ಪುವುದು ಕಷ್ಟ. ತುಳುನಾಡಿನ ಅತ್ಯಂತ ಹಳೆಯ ಕನ್ನಡ ಶಾಸನವೆನಿಸಿದ, ಬಾರಕೂರಿಗೆ ದೂರವಲ್ಲದ ವಡ್ಡರ್ಸೆಯ ಶಾಸನವೇ ಸುಮಾರು 7ನೆಯ ಶತಮಾನದ್ದು. 1ನೆಯ ಶತಮಾನದ ಅರಸನಿಗೆ ಸಾಕ್ಷಿ ಹೇಳುವ ಕಲ್ಲು ಒಂದೂ ಇಲ್ಲ. ಅಳಿಯಸಂತಾನದ ಪದ್ಧತಿ ಮಾತ್ರ ಸತ್ಯ. ಅದಕ್ಕೊಂದು ಹುಟ್ಟಿನ ಕತೆ ಬೇಕೆನಿಸಿದಾಗ ಜನ ಹಳೆಯ ರಾಜಧಾನಿಯನ್ನೇ ನೆನೆದರು. ಇಂಗ್ಲಿಷರ ಕಾಲದ ನ್ಯಾಯಾಲಯಗಳಲ್ಲಿ ಭೂತಾಳಪಾಂಡ್ಯನ ಕಟ್ಟಿನ ಮೇಲೆ ವಾದವಿವಾದಗಳು ನಡೆದುವು. ಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಳ್ಳುವುದಕ್ಕೆ ಮದರಾಸಿನ 1949ರ ಅಳಿಯಸಂತಾನ ಕಾನೂನು ದಾರಿಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಹಳೆಯ ಪದ್ಧತಿಯನ್ನು ಇನ್ನಷ್ಟು ಸಡಿಲಿಸಿತು. ಕಲ್ಲಿನ ಕೋಟೆ ಕುಸಿದು ಎಷ್ಟೋ ಶತಮಾನಗಳಾದ ಮೇಲೂ ಕತೆಯ ಕೋಟೆ ನಿಂತಿತ್ತು. ಇತಿಹಾಸವನ್ನು ಸರಿಯಾಗಿ ತಿಳಿಯುವುದು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಬಾರಕೂರು ಹೇಗೆ ಅಳಿಯಿತು? ಅಯುತ್ಥಯದಂತೆ ಒಂದು ರಾತ್ರಿಯ ಬೆಂಕಿಯನ್ನು ಇಲ್ಲಿ ತೋರಿಸಲಾಗದು. 1565ರ ಬಳಿಕ ವಿಜಯನಗರದ ಹಿಡಿತ ಸಡಿಲಿತು. ಕರಾವಳಿ ಕೆಳದಿಯ ನಾಯಕರ ಕೈಗೆ ಬಂತು. ಅವರ ಆಸ್ಥಾನ ಘಟ್ಟದ ಮೇಲೆ. ಕಡಲಿನಲ್ಲಿ ಪೋರ್ಚುಗೀಸರ ಹಡಗುಗಳು ಹಳೆಯ ವ್ಯಾಪಾರದ ದಾರಿಗಳನ್ನು ಕೆಡಿಸಿದುವು. ಬಸರೂರು, ಮಂಗಳೂರು, ಹೊನ್ನಾವರಗಳ ಕಡೆಗೆ ವರ್ತಕರು ಸರಿದರು. ಅರಸನೂ ವರ್ತಕನೂ ಹೋದ ಮೇಲೆ ಗದ್ಯಾಣದ ಅಚ್ಚಿಗೆ ಕೆಲಸವಿಲ್ಲ. ಉಳಿದವರು ರೈತರು, ಅರ್ಚಕರು, ಕೇರಿಯ ಸಂಸಾರಗಳು. ಅವರು ಕೋಟೆಯ ಅಗಳಿನ ಬದಿಯಲ್ಲಿ ನೇಗಿಲು ಹೂಡಿದರು. ಬಿದ್ದ ಗೋಡೆಯ ಕಲ್ಲನ್ನು ತಂದು ತೋಟಕ್ಕೆ ಬೇಲಿ ಕಟ್ಟಿದರು. ಇದನ್ನು ತಪ್ಪೆನ್ನುವಂತಿಲ್ಲ. ಅಯುತ್ಥಯದ ಇಟ್ಟಿಗೆ ಬ್ಯಾಂಕಾಕಿಗೆ ಹೋದಂತೆ, ಬಾರಕೂರಿನ ಕಲ್ಲು ಬಾರಕೂರಿನ ಮನೆಗಳಿಗೇ ಹೋಯಿತು.

ತಪ್ಪಾಗುವುದಾದರೆ ಇನ್ನು ಮುಂದೆ ಆಗಬಹುದು. ಈಚೆಗೆ ಕರಾವಳಿಯಲ್ಲೆಲ್ಲ ಜೀರ್ಣೋದ್ಧಾರದ ಉತ್ಸಾಹ ಹೆಚ್ಚಿದೆ. ಭಕ್ತಿ ನಿಜವಾದದ್ದು, ಹಣವೂ ಇದೆ. ಆದರೆ ಹಳೆಯ ಗುಡಿಯನ್ನು ಕಳಚಿ ಹೊಸದನ್ನು ಕಟ್ಟುವಾಗ, ಅಂಗಳದ ಮೂಲೆಯಲ್ಲಿ ವಾಲಿ ನಿಂತ ಶಾಸನದ ಕಲ್ಲು ಪಾಯಕ್ಕೆ ಸೇರಿಹೋಗುವುದುಂಟು. ಅಕ್ಷರದ ಮೇಲೆ ಸಿಮೆಂಟು, ಸುಣ್ಣ ಬೀಳುವುದುಂಟು. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸವೆಯುವುದುಂಟು. ಬಲ್ಲಮಹಾದೇವಿಯ ಹೆಸರು ನಮಗೆ ತಿಳಿದದ್ದು ಅಂತಹ ಕಲ್ಲುಗಳಿಂದಲೇ. ಕೇರಿಯ ಹಲರ ಸಭೆ ನಮಗೆ ತಿಳಿದದ್ದೂ ಅಂತಹ ಕಲ್ಲುಗಳಿಂದಲೇ. ಯುದ್ಧವೂ ಮಳೆಯೂ ಏಳು ನೂರು ವರ್ಷಗಳಲ್ಲಿ ಅಳಿಸಲಾರದ ಸಾಲನ್ನು ಒಂದು ಒಳ್ಳೆಯ ಉದ್ದೇಶ ಒಂದೇ ಮಧ್ಯಾಹ್ನದಲ್ಲಿ ಅಳಿಸಬಲ್ಲುದು.

ಈ ಕಲ್ಲುಗಳನ್ನು ಓದಿದವರ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ಭಾಸ್ಕರ ಆನಂದ ಸಾಲೆತೊರೆಯವರು 1936ರಲ್ಲಿ ತುಳುವ ಇತಿಹಾಸದ ಗ್ರಂಥವನ್ನು ಪ್ರಕಟಿಸಿದರು. ಕೆ. ವಿ. ರಮೇಶರು 1970ರಲ್ಲಿ ಶಾಸನಗಳ ಆಧಾರದಿಂದ ದಕ್ಷಿಣ ಕನ್ನಡದ ಚರಿತ್ರೆಯನ್ನು ಬರೆದರು. ಕಲ್ಯಾಣಪುರದ ಕಾಲೇಜಿನಲ್ಲಿದ್ದ ಪಾದೂರು ಗುರುರಾಜ ಭಟ್ಟರು ಊರೂರು ಸುತ್ತಿ, ಗುಡಿಗುಡಿಯನ್ನು ಕಂಡು, 1975ರಲ್ಲಿ ತಮ್ಮ ದೊಡ್ಡ ಸಂಪುಟವನ್ನು ನಾಡಿಗೆ ಕೊಟ್ಟರು. ಅವರ ಕೆಲಸ ಮುಂದುವರಿಯಬೇಕಾದರೆ ಓದಲು ಕಲ್ಲು ಉಳಿದಿರಬೇಕು.

ಸಂಜೆ ನಾವು ಬಾರಕೂರನ್ನು ಬಿಟ್ಟಾಗ ಗುಡಿಯೊಂದರಲ್ಲಿ ದೀಪ ಹಚ್ಚುತ್ತಿದ್ದರು. ಕೇರಿಯ ಹೆಸರು ಬರೆದ ಹಲಗೆಯ ಕೆಳಗೆ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. ಆ ಹೆಸರು ಎಷ್ಟು ಹಳೆಯದೆಂದು ಅವರಿಗೆ ಯಾರಾದರೂ ಹೇಳಿರಬಹುದು, ಹೇಳದೆಯೂ ಇರಬಹುದು. ಕೇಳುಗರಲ್ಲಿ ಯಾರಾದರೂ ಅತ್ತ ಹೋದರೆ, ಅರಮನೆಯನ್ನು ಹುಡುಕಿ ನಿರಾಶರಾಗಬೇಡಿರೆಂದು ನಮ್ಮ ಅರಿಕೆ. ಹತ್ತು ಕೇರಿಗಳನ್ನು ನಿಧಾನವಾಗಿ ನಡೆದು ನೋಡಿರಿ. ವಾಲಿದ ಕಲ್ಲೊಂದು ಕಂಡರೆ ಬಗ್ಗಿ ನೋಡಿರಿ. ಅದರ ಮೇಲೆ ಅಕ್ಷರಗಳಿದ್ದರೆ ಊರಿನ ಹಿರಿಯರಿಗೆ ತೋರಿಸಿ, ಅದನ್ನು ಕದಲಿಸದಂತೆ ವಿನಯದಿಂದ ಕೇಳಿಕೊಳ್ಳಿರಿ. ಆ ಹಿರಿಯರು ನಮಗೆ ಹೇಳಿದ ಮಾತು ಅಕ್ಷರಶಃ ಸತ್ಯವಾದದ್ದು: ನಾವು ನಿಂತದ್ದೇ ಅಲ್ಲಿ.